ಕಲ್ಲು ಸಿಕ್ಕ ಮೇಲೆ

"ಕಾಯಿಲೆ ಸಿಕ್ಕ ಮೇಲೂ ಹೊಟ್ಟೆಯನ್ನೆಲ್ಲ ಏಕೆ ನೋಡಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ. ಪರದೆಯ ಮೇಲೆ ರೋಗಿಯೊಬ್ಬನ ಸಿ.ಟಿ. ಸ್ಕ್ಯಾನ್ ಇತ್ತು. ಅದರಲ್ಲಿ ಒಂದು ಬಾವು ಕಂಡೊಡನೆ ಅವನು ಕುರ್ಚಿ ಸರಿಸಿ ಎದ್ದಿದ್ದ.

ಗುರು ಹೇಳಿದರು:

ಮೀನು ಮಾರುವ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಸ್ಕ್ಯಾನ್ ಮಾಡಿದರು. ಎಳೆಯ ವೈದ್ಯನೊಬ್ಬ ನೋಡಿದ. ಪಿತ್ತಕೋಶದಲ್ಲಿ ಕಲ್ಲು ಕಂಡಿತು. "ಸಿಕ್ಕಿತು" ಎಂದು ಎದ್ದ.

ಹಾಗೆಂದು ಬರೆದಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಬಡವರ ಹೊಟ್ಟೆನೋವನ್ನು ಹಾಗೆಯೇ ಬೇಗ ಮುಗಿಸುವುದು. ಅವಳು ಮನೆಯಲ್ಲಿ ಸಾಯುತ್ತಿದ್ದಳು.

ಅಲ್ಲೊಬ್ಬರು ಹಿರಿಯ ವೈದ್ಯೆ ಇದ್ದರು. ಕರುಳನ್ನು ಕೊನೆಯ ತುದಿಯಿಂದ ಹಿಡಿದು, ಸುರುಳಿ ಸುರುಳಿಯಾಗಿ ಹಿಂದಕ್ಕೆ, ಜಠರದವರೆಗೆ ಕಣ್ಣು ಕೀಳದೆ ಹೋಗುವುದು ಅವರ ಕ್ರಮ. ಅಂದೂ ಹಾಗೆಯೇ ಕೂತರು.

"ಕಲ್ಲು ಸಿಕ್ಕಿದೆಯಲ್ಲ ಮೇಡಂ, ಇನ್ನೇನು ಹುಡುಕುತ್ತೀರಿ?"

"ಕಲ್ಲು ತಾನಾಗಿ ಕಾಣಿಸಿಕೊಂಡಿತಪ್ಪ. ನೀನಿನ್ನೂ ಹುಡುಕೋಕೆ ಶುರುನೇ ಮಾಡಿಲ್ಲ."

ಸಣ್ಣ ಕರುಳಿನ ಒಂದು ಮಡಿಕೆಯಲ್ಲಿ ಅವರು ನಿಂತರು. ಕೂದಲಿನಷ್ಟು ತೆಳುವಾದ ಬಿಳಿ ಗೆರೆ. ಅದು ಕರುಳಿನ ಗೋಡೆ ತೂರಿ ಹೊರಗೆ ಬಂದಿತ್ತು. ಪಕ್ಕದಲ್ಲಿ ಸಾಸಿವೆಯಷ್ಟು ಗಾಳಿ, ಇರಬಾರದ ಜಾಗದಲ್ಲಿ.

ಹೋಗಿ ಹೆಂಗಸನ್ನು ಕೇಳಿದರು: "ಮೀನು ತಿಂದಿದ್ದೆಯಾ?"

"ಮೀನು ಮಾರುವವಳು ಮೀನು ತಿನ್ನದೆ ಕಲ್ಲು ತಿನ್ನುವುದಾ ಅಮ್ಮಾ?" ಎಂದು ಅವಳು ನೋವಿನಲ್ಲೂ ರೇಗಿದಳು.

ಅದು ಮೀನಿನ ಮುಳ್ಳು. ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅವಳು ಬದುಕಿದಳು.

ಆದರೆ ಆ ಚಿತ್ರದಲ್ಲಿ ಇನ್ನೊಂದು ಇತ್ತು. ನಮ್ಮೆಲ್ಲರ ಹೊಟ್ಟೆಯೊಳಗೂ ಸೆರಗಿನಂತೆ ಇಳಿಬಿದ್ದ ಕೊಬ್ಬಿನ ಪದರವೊಂದಿದೆ. ಅವಳಲ್ಲಿ ಅದು ಇದ್ದ ಜಾಗ ಬಿಟ್ಟು ಸರಿದು ಬಂದಿತ್ತು. ಮುಳ್ಳು ತೂರಿದ ಕಡೆಯೇ ಮುದುರಿ, ತೂತನ್ನು ಮುಚ್ಚಿ ಹಿಡಿದಿತ್ತು. ಯಾರೂ ಕರೆದಿರಲಿಲ್ಲ. ಯಾರೂ ದಾರಿ ತೋರಿಸಿರಲಿಲ್ಲ. ವೈದ್ಯರು ಬರುವವರೆಗೆ ಅವಳ ಜೀವ ಕಾದದ್ದು ಅದೇ. ಎಷ್ಟೋ ಹೊಟ್ಟೆಗಳನ್ನು ನೋಡಿದ್ದ ಆ ಹಿರಿಯರ ಮೈ ಜುಮ್ಮೆಂದಿತು.

ಗುರು ನಿಲ್ಲಿಸಿದರು.

"ಆ ಕಲ್ಲು ಏನಾಯಿತು?" ಎಂದು ಶಿಷ್ಯ ಕೇಳಿದ.

"ಇದ್ದಲ್ಲೇ ಇದೆ, ಅವಳ ತಂಟೆಗೆ ಹೋಗಿಲ್ಲ."

ಶಿಷ್ಯನ ಕೈ ಇನ್ನೂ ಕುರ್ಚಿಯ ಬೆನ್ನಿನ ಮೇಲಿತ್ತು. ಗುರು ಅದನ್ನು ನೋಡಿ ಹೇಳಿದರು:

"ಕಣ್ಣಿಲ್ಲದ ಕೊಬ್ಬು ಅವಳ ನೋವನ್ನು ಹುಡುಕಿಕೊಂಡು ಹೋಯಿತು, ಕಣ್ಣಿದ್ದ ನೀನು ಎದ್ದು ಹೋಗುತ್ತೀಯಾ?"