ಕಾಣದೆ ನಡೆದ ಬೆಳಕು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಬಸಲಿಂಗಯ್ಯ ಎಂಬ ಗುರುಗಳು ಬೆಳಕನ್ನು ನಡೆಸುವ ವಿದ್ಯೆ ಕಲಿಸುತ್ತಿದ್ದರು.

ಉಗುರಿನಗಲದ ಒಂದು ಚಿಪ್. ಅದರೊಳಗೆ ಕೂದಲೆಳೆಗಿಂತ ಸಣ್ಣ ದಾರಿಗಳು. ಬೆಳಕಿನ ಕಣಗಳು ಒಂದೊಂದಾಗಿ ಆ ದಾರಿ ಹಿಡಿದು ನಡೆದು ಲೆಕ್ಕ ಮಾಡಬೇಕು. ಲೋಕ ಅದನ್ನು ಕ್ವಾಂಟಮ್ ಕಂಪ್ಯೂಟರ್ ಎನ್ನುತ್ತದೆ. ಗುರುಗಳು ಸೇವೆ ಎನ್ನುತ್ತಿದ್ದರು.

ಶಿಷ್ಯ ರಾಚಯ್ಯ ಅಲ್ಲಿಗೆ ಬಂದು ವರ್ಷಗಳೇ ಆಗಿದ್ದವು. ಅವನು ಕೊರೆದ ಒಂದು ಚಿಪ್ ಕೂಡ ಒಳಕೋಣೆಯ ಯಂತ್ರಕ್ಕೆ ಏರಿರಲಿಲ್ಲ. ಈ ಸಲವೂ ಗುರುಗಳು ಬೇಡವೆಂದರೆ ಊರಿಗೆ ಹೊರಟುಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಒಂದು ಸಂಜೆ ಹೊಸ ಚಿಪ್ ತಂದು ಗುರುಗಳ ಮುಂದಿಟ್ಟ. ಪರೀಕ್ಷೆಯ ಕೆಂಪು ಬೆಳಕನ್ನು ಒಂದು ತುದಿಯಿಂದ ಒಳಗೆ ಬಿಟ್ಟ. ದಾರಿಯುದ್ದಕ್ಕೂ ಕುಂಕುಮದ ಗೆರೆ ಎಳೆದ ಹಾಗೆ ಹೊಳೆಯಿತು.

ದರ್ಶನಕ್ಕೆ ಬಂದಿದ್ದವರು ಕೈ ಮುಗಿದರು. "ಸಾಕ್ಷಾತ್ ಜ್ಯೋತಿ ಕಣವ್ವಾ!" ಎಂದಳು ಒಬ್ಬಾಕೆ.

"ಅಪ್ಪಣೆಯಾಗಲಿ ಬುದ್ಧಿ, ಯಂತ್ರಕ್ಕೆ ಏರಿಸುತ್ತೇನೆ" ಎಂದ ರಾಚಯ್ಯ.

ಗುರುಗಳು ಬಗ್ಗಿ ನೋಡಿದರು. "ಚೆನ್ನಾಗಿ ಕಾಣುತ್ತಿದೆ."

"ಹೌದು ಬುದ್ಧಿ! ಮೊದಲಿಂದ ಕೊನೆತನಕ."

"ಕಾಣಬಾರದಿತ್ತಪ್ಪ."

ರಾಚಯ್ಯನ ಮುಖ ಬಾಡಿತು. ಗುರುಗಳು ಕೋಲು ಹಿಡಿದು ಎದ್ದರು. "ಬಾ, ಗದ್ದೆ ಕಡೆ ಹೋಗಿಬರೋಣ."

ಆಶ್ರಮದ ಕಾಲುವೆ ಹಿಡಿದು ಇಬ್ಬರೂ ನಡೆದರು.

"ದಂಡೆ ಹೇಗಿದೆ?"

"ಹಚ್ಚಗಿದೆ ಬುದ್ಧಿ. ಹಸು ಬಿಟ್ಟರೆ ಹೊಟ್ಟೆ ತುಂಬಾ ಮೇದಾವು."

ಕಾಲುವೆ ಮುಗಿಯುವಲ್ಲಿ ಕೊನೆಯ ಗದ್ದೆ. ಪೈರು ಹಳದಿಗೆ ತಿರುಗಿತ್ತು. ನೆಲ ಬಿರುಕು ಬಿಟ್ಟಿತ್ತು.

"ಮೇಲಿಂದ ನೀರು ಬಿಟ್ಟಿದ್ದಾರೆ ತಾನೆ?"

"ಬಿಟ್ಟಿದ್ದಾರೆ."

"ಮತ್ತೆ?"

ರಾಚಯ್ಯ ಹಿಂತಿರುಗಿ ಆ ಹಸಿರನ್ನೇ ನೋಡುತ್ತ ನಿಂತ.

"ದಂಡೆಯೇ ಕುಡಿದುಬಿಟ್ಟಿದೆ" ಎಂದ ಮೆಲ್ಲಗೆ. "ನಾನು ಕೊರೆದ ದಾರಿಯ ಗೋಡೆಯೂ ತರಿತರಿಯಾಗಿದೆ. ಬೆಳಕು ಅದಕ್ಕೆ ತಾಗಿ ತಾಗಿ ಹೊರಗೆ ಸೋರುತ್ತಿದೆ. ಜನ ಕೈ ಮುಗಿದದ್ದು ಆ ಸೋರಿಕೆಗೆ."

"ನೀರಾದರೆ ಇನ್ನಷ್ಟು ಬಿಡಬಹುದು. ಯಂತ್ರದಲ್ಲಿ ಹೊರಡುವುದು ಒಂದೇ ಕಣ. ಅದು ಸೋರಿಹೋದರೆ ಅಂಥದೇ ಇನ್ನೊಂದನ್ನು ಮಾಡಿ ಕಳಿಸಲು ಯಾರಿಗೂ ಆಗದು" ಎಂದರು ಗುರುಗಳು.

ರಾಚಯ್ಯ ಆಶ್ರಮಕ್ಕೆ ಬಂದು, ಊರಿಗೆ ಹೊರಡಲು ಬಟ್ಟೆಬರೆಯ ಗಂಟು ಕಟ್ಟಿದ. ಬೆಳಗಿನ ಪೂಜೆಯ ಗಂಟೆ ಕೇಳಿದಾಗ ಬಿಚ್ಚಿದ.

ಅಂದಿನಿಂದ ಗೋಡೆ ನುಣುಪು ಮಾಡುವ ಕೆಲಸಕ್ಕೆ ಕುಳಿತ. ಕಣ್ಣು ದಣಿದಾಗ ಎದ್ದು ಹೋಗಿ ಕಾಲುವೆಯ ಸಂದುಗಳಿಗೆ ಜೇಡಿಮಣ್ಣು ಮೆತ್ತಿಬರುತ್ತಿದ್ದ. ಮಳೆಗಾಲ ಬಂತು, ಹೋಯಿತು; ಕಾಲುವೆಯ ನೀರು ಈಗ ಕೊನೆಯ ಗದ್ದೆ ಮುಟ್ಟುತ್ತಿತ್ತು.

ಮತ್ತೊಂದು ಸಂಜೆ ಮತ್ತೊಂದು ಚಿಪ್ ತಂದ. ಬೆಳಕು ಬಿಟ್ಟ. ಗೆರೆಯಿಲ್ಲ, ಹೊಳಪಿಲ್ಲ, ಏನೂ ಇಲ್ಲ.

ಜತೆಯಲ್ಲಿ ಕಲಿಯುತ್ತಿದ್ದ ಗಂಗಮ್ಮ ಕಿಸಕ್ಕನೆ ನಕ್ಕಳು. "ಏನು ರಾಚಣ್ಣಾ, ಒಲೆಯಿಂದ ಇದ್ದಿಲು ತಂದೆಯಾ?"

ದರ್ಶನಕ್ಕೆ ಬಂದವರು ಒಮ್ಮೆ ಇಣುಕಿ ಪ್ರಸಾದದ ಕಡೆ ನಡೆದರು.

ರಾಚಯ್ಯ ಗುರುಗಳಿಗೆ ಕೈ ಮುಗಿದ. "ಕೆಟ್ಟುಹೋಯಿತು ಬುದ್ಧಿ. ಈ ವಿದ್ಯೆ ನನ್ನ ಹಣೆಯಲ್ಲಿ ಬರೆದಿಲ್ಲ. ಊರಿಗೆ ಹೋಗುತ್ತೇನೆ."

ಗುರುಗಳು ಹೊದೆದಿದ್ದ ಬಿಳಿ ಶಲ್ಯದ ಅಂಚನ್ನು ಚಿಪ್‌ನ ಆಚೆ ತುದಿಗೆ ಹಿಡಿದರು.

ಬಟ್ಟೆಯ ಮೇಲೆ ಕುಂಕುಮದ ಬೊಟ್ಟು ಇಟ್ಟಂತೆ ಬೆಳಕು ಬಿತ್ತು.

"ಅಯ್ಯೋ ಶಿವನೇ" ಎಂದಳು ಗಂಗಮ್ಮ. ಈಗ ಅವಳು ನಗುತ್ತಿರಲಿಲ್ಲ.

"ಯಂತ್ರಕ್ಕೆ ಏರಿಸು" ಎಂದರು ಗುರುಗಳು.

ರಾಚಯ್ಯ ಕಣ್ಣೊರೆಸಿಕೊಂಡು ಚಿಪ್ ಎತ್ತಿಕೊಂಡ. ಬಾಗಿಲತನಕ ಹೋದವನು ನಿಂತ.

"ಬುದ್ಧಿ, ನಾಳೆ ಜನ ಬಂದು, 'ಎಲ್ಲಪ್ಪಾ ನಿನ್ನ ಬೆಳಕು?' ಎಂದರೆ ಏನು ತೋರಿಸಲಿ?"

ಗುರುಗಳು ಶಲ್ಯ ಕೊಡವಿ ಹೊದ್ದುಕೊಂಡರು.

"ಕೊನೆಯ ಗದ್ದೆಗೆ ಕರೆದುಕೊಂಡು ಹೋಗು."