ಹಂದಿಗೆ ಜಾಗವಿಲ್ಲದ ಬಾವುಟ

"ಬುದ್ಧಿ, ಮಠದ ಬಾವುಟದಲ್ಲಿ ನಂದಿಯ ಜೊತೆಗೆ ತ್ರಿಶೂಲ, ಬಿಲ್ವಪತ್ರೆ, ರುದ್ರಾಕ್ಷಿ ಎಲ್ಲ ಬರೆಸಿದ್ದಾಯಿತು. ತಮ್ಮ ಪಾದುಕೆಗಳನ್ನು ಎಲ್ಲಿ ಬರೆಸಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹಣೆ ಚಚ್ಚಿಕೊಂಡರು. ಆ ಬಾವುಟದಲ್ಲಿ ಮೊದಲು ಇದ್ದದ್ದು ಒಂದೇ ಒಂದು ನಂದಿ. ದೂರದ ದಾರಿಯಲ್ಲಿ ಹೋಗುವವರು ಅದನ್ನು ಕಂಡು, ಇಲ್ಲಿ ಊಟ ಸಿಗುತ್ತದೆಂದು ತಿಳಿದು ಬರುತ್ತಿದ್ದರು. ಈಗ ಶಿಷ್ಯರಿಗೆ ಬಾವುಟದ್ದೇ ಧ್ಯಾನ.

"ಇನ್ನೂ ಮುಗಿಯಲಿಲ್ಲವೇನಪ್ಪಾ ನಿಮ್ಮ ರಗಳೆ? ಕೂತುಕೋ, ಒಂದು ಕತೆ ಕೇಳು" ಎಂದರು.

ಬೆಟ್ಟದ ಮೇಲಿನ ಒಂದು ಕೋಟೆಯನ್ನು ಒಬ್ಬ ದಳಪತಿ ಕಾಯುತ್ತಿದ್ದ. ಅವನ ದಳದ ಬಾವುಟ ಬಿಳಿಯ ಬಟ್ಟೆ, ಅದರ ಮೇಲೊಂದು ಕಪ್ಪು ಹಂದಿ. ರಾಜನ ಸೈನ್ಯದವರು ಕೆಳಗಿನ ಬಯಲಿನಿಂದಲೇ ಅದನ್ನು ನೋಡಿ, ಕೋಟೆ ನಮ್ಮದೇ ಎಂದು ತಿಳಿಯುತ್ತಿದ್ದರು.

ದಳ ಒಮ್ಮೆ ಹೊಳೆಯ ದಡದಲ್ಲಿ ಯುದ್ಧ ಗೆದ್ದಿತು. ಅದರ ನೆನಪಿಗೆ ಬಾವುಟದಲ್ಲಿ ಮೊಸಳೆ ಬಂತು. ರಾವುತರು ಮುನಿಸಿಕೊಂಡರು, ಕುದುರೆ ಬಂತು. ಬಿಲ್ಲಿನವರು ಸುಮ್ಮನಿರುತ್ತಾರೆಯೇ? ಬಿಲ್ಲೂ ಬಂತು. ಕೊನೆಗೆ ದಳಪತಿಯ ಮಾವನ ಮನೆತನದ ನವಿಲು ಗರಿಗೆದರಿಕೊಂಡು ಬಂತು. ಯುದ್ಧಕ್ಕೂ ಮಾವನಿಗೂ ಏನು ಸಂಬಂಧವೋ, ಆ ಶಿವನೇ ಬಲ್ಲ!

ಚಿತ್ರಗಾರನಿಗೂ ಸಾಕಾಗಿಹೋಯಿತು. "ಧಣಿ, ಹಂದಿಗೇ ಜಾಗ ಸಾಲದು" ಎಂದ.

"ಹಂದಿಯನ್ನು ಚಿಕ್ಕದು ಮಾಡು" ಎಂದ ದಳಪತಿ.

ಆ ವರ್ಷ ಶತ್ರುಗಳು ಬಂದು, ಬೆಟ್ಟದ ಕಾಡಿನ ಮರೆಯಲ್ಲಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದರು. ಒಳಗೆ ಧಾನ್ಯ ತೀರಿತು. ಹಸಿದ ಮಕ್ಕಳ ಅಳು ಕೇಳಲಾರದೆ ಸೈನಿಕರು ಗೋಡೆಯ ಮೇಲೆಯೇ ಇರತೊಡಗಿದರು. ರಾಜನ ಸೈನ್ಯ ಬಂದರಷ್ಟೇ ಎಲ್ಲರೂ ಉಳಿಯುವಂತಿತ್ತು.

ಸೈನ್ಯ ಬಂತು. ಸೇನಾಪತಿ ಬಯಲಿನಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಹಂದಿ ಕಾಣಲಿಲ್ಲ. ಯಾವುದೋ ಬಣ್ಣಬಣ್ಣದ ಬಟ್ಟೆ ಹಾರುತ್ತಿತ್ತು. "ನಾವು ಬಂದದ್ದು ತಡವಾಯಿತು. ಕೋಟೆ ಆಗಲೇ ಶತ್ರುವಿನ ಪಾಲಾಗಿದೆ" ಎಂದು ನೊಂದುಕೊಂಡು ಸೈನ್ಯವನ್ನು ಹಿಂದಕ್ಕೆ ತಿರುಗಿಸಿದ.

ಹೋಗುತ್ತಿರುವವರನ್ನು ಕಂಡು ದಳಪತಿಯ ಎದೆ ಒಡೆಯಿತು. ಅವರನ್ನು ಕರೆಯಲು ಅವನು ಅದೇ ಬಾವುಟವನ್ನು ಎರಡೂ ಕೈಯಿಂದ ಎತ್ತಿ ಬೀಸಿದ. ಶತ್ರು ಅಣಕಿಸುತ್ತಿದ್ದಾನೆಂದು ತಿಳಿದು ಸೈನ್ಯ ತಿರುಗಿಯೂ ನೋಡಲಿಲ್ಲ. ಮರುದಿನ ಕೋಟೆ ಬಿತ್ತು.

ಕತೆ ಮುಗಿಯಿತು. ಶಿಷ್ಯ, "ಎಂಥ ದಡ್ಡ ದಳಪತಿ, ಬುದ್ಧಿ!" ಎಂದು ನಕ್ಕ.

ಗುರುಗಳು ನಗಲಿಲ್ಲ. "ನಿನ್ನೆ ನಮ್ಮ ಊಟದ ಪಂಕ್ತಿಯಲ್ಲಿ ಮಠದವರನ್ನು ಬಿಟ್ಟು ಬೇರೆ ಯಾರಿದ್ದರು, ಹೇಳು" ಎಂದರು.