ಗುಡ್ಡದೂರಿಗೆ ನೀರು ಹೊತ್ತ ಕತ್ತೆ

ಇಂಗ್ಲೆಂಡಿನಲ್ಲಿ ಗುಡ್ಡದ ನೆತ್ತಿಯ ಮೇಲೊಂದು ಸಂತೆಯ ಊರಿತ್ತು. ಅಲ್ಲಿ ಎಷ್ಟು ಆಳ ತೋಡಿದರೂ ಬಾವಿಗೆ ನೀರು ಬರುತ್ತಿರಲಿಲ್ಲ. ಟಿಬ್ಬಿ ಎಂಬ ಕತ್ತೆ ಹದಿನೆಂಟು ವರ್ಷ ಕಣಿವೆಯಿಂದ ನೀರು ಹೊತ್ತು ಆ ಊರಿನ ದಾಹ ತೀರಿಸಿತು. ಕೊನೆಗೆ ಉಗಿಯಂತ್ರ ಬಂತು; ನೀರು ಕೊಳವೆಯಲ್ಲಿ ತಾನೇ ಗುಡ್ಡ ಹತ್ತಿತು. ಇನ್ನಾದರೂ ಬೆನ್ನಿಗೆ ಬಿಡುವು ಸಿಕ್ಕಿತೆಂದು ಟಿಬ್ಬಿ ಎಲ್ಲರಿಗಿಂತ ಹೆಚ್ಚು ಹಿಗ್ಗಿತು. ಮರುದಿನವೇ ಯಜಮಾನ ಅದನ್ನು ಲಾಯದಿಂದ ಹೊರಗಟ್ಟಿದ. ಬಾಯಾರಿದ ಕತ್ತೆ ಸಂತೆ ಚೌಕದ ಹೊಸ ತೊಟ್ಟಿಗೆ ಬಾಯಿ ಹಾಕಲು ಹೋಯಿತು.

"ದೂರ ನಿಲ್ಲು ಅಜ್ಜಿ, ಇದು ಊರವರ ನೀರು," ಎಂದು ಕಾವಲು ನಾಯಿ ಗುರುಗುಟ್ಟಿತು.

"ಈ ಊರಿಗೆ ಇಷ್ಟು ಕಾಲ ನೀರು ತಂದವಳು ನಾನಲ್ಲವೇ?"

"ಹೌದು. ಆದರೆ ಆ ನೀರನ್ನು ಅವರು ಕುಡಿದಾಯಿತಲ್ಲ!"

ಟಿಬ್ಬಿ ಕಣಿವೆಯತ್ತ ಇಳಿಜಾರಿನ ದಾರಿ ಹಿಡಿಯಿತು. ಹಿಂದೆ ತೊಟ್ಟಿಯ ಬಳಿ ಜನ ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ನಗುತ್ತಿದ್ದರು.